ಅಂಗೈಯಗಲದ ಗಾಜು

ನಮ್ಮ ಕಚೇರಿಯ ಗಾಜಿನ ಗೋಡೆಗಳಿಗೆ ಮಬ್ಬು ಹಾಳೆ ಅಂಟಿಸುವವನನ್ನು ನಾವೆಲ್ಲ ಮರೆಯಣ್ಣ ಎಂದೇ ಕರೆಯುತ್ತೇವೆ. ಬಂದವನು ಮೊದಲು ಅಳತೆಪಟ್ಟಿ ತೆಗೆಯುವುದಿಲ್ಲ. "ದಿನಾ ಕೂತ್ಕೊಳ್ಳೋ ಹಾಗೇ ಕೂತ್ಕೊಳ್ಳಿ" ಎಂದು ನಮ್ಮನ್ನು ಕೂರಿಸಿ, ತಾನು ಬೀದಿಗಿಳಿದು, ದಾರಿಹೋಕನಂತೆ ನಾಲ್ಕು ಸಲ ಅತ್ತಿತ್ತ ಓಡಾಡಿ, ಕತ್ತು ಚಾಚಿ ಒಳಗೆ ನೋಡಿ ಬರುತ್ತಾನೆ. "ಸಾರ್, ನೀವು ಆಕಳಿಸಿದ್ದು ಎದುರುಗಡೆ ಬಸ್ಸು ಕಾಯೋರಿಗೆಲ್ಲ ಕಾಣ್ತು, ಅವರೂ ಆಕಳಿಸಿದ್ರು. ಮೇಡಂ, ನಿಮ್ಮ ಚಪ್ಪಲಿ ಮೇಜಿನ ಕೆಳಗಿದೆ, ಕಾಲು ಮಾತ್ರ ಕುರ್ಚಿ ಮೇಲಿದೆ." ಗುಟ್ಟು ರಟ್ಟಾದ ಮೇಲೆ ಎಲ್ಲರೂ ಕೇಳುವುದು ಒಂದನ್ನೇ: ನಮಗೆ ಬೀದಿಯೆಲ್ಲ ಕಾಣಬೇಕು, ಬೀದಿಗೆ ನಾವು ಕಾಣಬಾರದು. "ಅದು ದೇವರಿಗೆ ಮಾತ್ರ ಆಗೋ ಕೆಲಸ, ನಾನು ಬರೀ ಹಾಳೆ ಅಂಟಿಸೋನು" ಎಂದು ಹೊಟ್ಟೆ ಕುಣಿಸಿ ನಗುತ್ತಾನೆ. ಮೊನ್ನೆ ಅವನನ್ನು ಕರೆತರಲು ಮನೆಗೇ ಹೋಗಿದ್ದೆ. ಬೀದಿ ಬದಿಯ ದೊಡ್ಡ ಕಿಟಕಿಗೆ ಪೂರ್ತಿ ಮಬ್ಬು ಹಾಳೆ. ಮಂಡಿಯೆತ್ತರದಲ್ಲಿ ಮಾತ್ರ ಅಂಗೈಯಗಲದ ಪಟ್ಟಿಯೊಂದು ಬರಿಗಾಜಾಗಿಯೇ ಉಳಿದಿತ್ತು. "ಏನಪ್ಪಾ, ಸ್ವಂತ ಮನೇಲೇ ಅಳತೆ ತಪ್ಪಿತಾ?" ಎಂದು ಛೇಡಿಸಿದೆ. "ಇಲ್ಲ ಸಾರ್. ನಮ್ಮನೆಯವಳು ಹಾಸಿಗೆ ಹಿಡಿದು ಮೂರು ವರ್ಷ ಆಯ್ತು. ನೀವೆಲ್ಲ ಕೇಳೋದನ್ನೇ ಅವಳೂ ಕೇಳಿದ್ಲು. ಅವಳ ಕಣ್ಣು ಇರೋದು ಅಷ್ಟೆತ್ತರಕ್ಕೆ. ಬೀದೀಲಿ ಹೋಗೋರು ಯಾರು ಅಷ್ಟು ಬಗ್ಗಿ ನೋಡ್ತಾರೆ?" ಈ ಸಲ ಅವನು ನಗಲಿಲ್ಲ. ಬಾಗಿಲೆಳೆದುಕೊಂಡು ಹೊರಬಂದವನು, ಹೆಗಲ ಮೇಲಿದ್ದ ಕೆಲಸದ ಏಣಿಯನ್ನು ಗೋಡೆಗೆ ಒರಗಿಸಿ, ಓಡಾಡುವ ಜನರ ನಡುವೆಯೇ ಮಂಡಿಯೂರಿ, ಆ ಪಟ್ಟಿಯೆದುರು ತನ್ನ ಮುಖ ಹಿಡಿದು, ಒಳಗಿನಿಂದ ಏನೋ ಉತ್ತರ ಬರುವ ತನಕ ಹಾಗೆಯೇ ಇದ್ದ.