ಟಾಕೀಸಿನಲ್ಲಿ ದನಿಗೂಡಿಸಿದ ಆಯಿ

ನಿನ್ನೆ ಅಗಸಿ ಹಿಂಡಿ, ಅದೇ ರೊಟ್ಟಿಗೆ ಹಚ್ಚಿಕೊಳ್ಳುವ ಚಟ್ನಿಪುಡಿ, ಕುಟ್ಟುತ್ತಿದ್ದೆ. ಹುರಿದ ಅಗಸಿ, ಬೆಳ್ಳುಳ್ಳಿ, ಕೆಂಪು ಖಾರ ಕೂಡಿದ ವಾಸನೆ ಮೂಗಿಗೆ ಬಡಿದದ್ದೇ ತಡ, ಸಿನಿಮಾ ಟಾಕೀಸು ನೆನಪಾಯಿತು. ಟಾಕೀಸಿನೊಳಗೆ ಕುಳಿತು ರೊಟ್ಟಿ, ಅಗಸಿ ಹಿಂಡಿಯ ಗಂಟು ಬಿಚ್ಚಿದವರು ವಿಜಯಪುರದಲ್ಲಿ ಇನ್ನೊಬ್ಬರಿದ್ದರೆ ನನಗೆ ತೋರಿಸಿ. ನಾವೆಲ್ಲ ಆಯಿ ಎನ್ನುತ್ತಿದ್ದ ಎದುರು ಮನೆಯ ಅಜ್ಜಿ ಬಿಚ್ಚಿದ್ದಳು, ಅದೂ ನನ್ನ ಪಕ್ಕದಲ್ಲೇ.

ಆಯಿ ಜೈನಾಪುರದವಳು. ಮಗನ ಸಂಗಡ ವಿಜಯಪುರದ ನಮ್ಮ ಇಬ್ರಾಹಿಂಪುರ ಬಡಾವಣೆಗೆ ಬಂದು ನೆಲೆಸಿದ್ದಳು. ಸೋಮವಾರ ಸಂಜೆ ಓಣಿಯ ಗುಡಿಯಲ್ಲಿ ಹೆಂಗಸರ ಭಜನೆ. ಮುಂದಿನವಳು ಒಂದು ಸಾಲು ಹಾಡಿ ನಿಲ್ಲಿಸಿದರೆ ಉಳಿದವರು ಅದೇ ಸಾಲನ್ನು ಎತ್ತಿಕೊಳ್ಳಬೇಕು. ಇದಕ್ಕೆ ಆಯಿ ‘ಹಿಂದ ಹಿಡಿಯೋದು’ ಎನ್ನುತ್ತಿದ್ದಳು. ಮುಂದೆ ನಿಂತು ಹಾಡು ಎಂದರೆ ಸೆರಗು ಬಾಯಿಗಿಟ್ಟುಕೊಂಡು ನಾಚುವಳು. ಹಿಂದೆ ಹಿಡಿಯಲು ಕುಳಿತಳೋ, ರೈಲು ಹೋದರೂ ಅವಳ ದನಿಯೇ ಮೇಲೆ.

ಹೆಸರಾಂತ ಗಾಯಕನೊಬ್ಬನ ಮೇಲೆ ಅವಳಿಗೆ ಜೀವ. ಮಗನ ಮೊಬೈಲಿನಲ್ಲಿ ಅವನ ಭಕ್ತಿಗೀತೆ ಹಾಕಿಸಿಕೊಂಡೇ ರೊಟ್ಟಿ ಬಡಿಯುತ್ತಿದ್ದಳು. ಅವನು ಹೀರೋ ಆಗಿ ಸಿನಿಮಾ ಬಂದಿದೆ ಎಂದು ಗೊತ್ತಾದ ದಿನದಿಂದ ನನ್ನ ಬೆನ್ನು ಬಿದ್ದಳು. ನಾನು ಹೊನವಾಡದ ಶಾಲೆಯ ಟೀಚರ್. ವಾರವಿಡೀ ಬಸ್ಸಿನಲ್ಲಿ ನೇತಾಡಿ ಸಾಕಾಗಿ ಉಳಿಯುವುದು ಒಂದು ರವಿವಾರ. ಅದನ್ನೂ ಆಯಿಗೆ ಕೊಟ್ಟೆ. ಶಾಲೆಯ ಇಬ್ಬರು ಗೆಳತಿಯರೂ ಬಂದರು.

ಟಾಕೀಸಿನ ಬಾಗಿಲಲ್ಲೇ ಶುರುವಾಯಿತು. ತಲೆಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಬಂದ ಆಯಿ ಅಲ್ಲೇ ಚಪ್ಪಲಿ ಬಿಟ್ಟಳು.

“ಹಾಡ ನಡದಲ್ಲಿ ಚಪ್ಪಲಿ ಹಾಕ್ಕೊಂಡ ಹೆಂಗ ಹೋಗೋದವಾ?”

ಬಾಗಿಲು ಕಾಯುವವನು ಗದರಿದ. ಕೊನೆಗೆ ಆ ಚಪ್ಪಲಿ ನನ್ನ ಕೈಚೀಲ ಸೇರಿದವು. ಗೆಳತಿಯರು ನಗು ತಡೆಯಲಾರದೆ ಆಚೆ ತಿರುಗಿದರು.

ಸಿನಿಮಾ ಎಂದರೆ ಅದೊಂದು ಸಿನಿಮಾ. ಗಾಯಕ ಮದುವೆ ಮನೆಯ ಅಡುಗೆಯವನು. ಸಾರು ಕುದಿಸುತ್ತ ಅವನು ಹಾಡುವುದನ್ನು ಕೇಳಿ ಹೆಣ್ಣಿನ ಕಡೆಯವರು ಅವನನ್ನೇ ವರ ಎಂದುಕೊಳ್ಳುತ್ತಾರೆ. ಅಷ್ಟೇ ಕಥೆ. ನಗುವಾಗಲೂ ಅಳುವಾಗಲೂ ಅವನದು ಒಂದೇ ಮುಖ. ಐದೈದು ನಿಮಿಷಕ್ಕೆ ಹಾಡು. ಪ್ರತಿ ಹಾಡಿನಲ್ಲೂ ಮೊದಲ ಸಾಲು ಹಾಡಿ, ಸೌಟು ಹಿಡಿದುಕೊಂಡು ನಮ್ಮ ಕಡೆ ನೋಡುತ್ತ ನಿಲ್ಲುತ್ತಿದ್ದ.

ಅವನು ನಿಂತ. ಆಯಿ ಹಿಂದೆ ಹಿಡಿದಳು.

ಇಡೀ ಟಾಕೀಸು ತಿರುಗಿ ನೋಡಿತು. ಒಂದು ಸಲವಾದರೆ ನಕ್ಕು ಬಿಡಬಹುದಿತ್ತು. ಎರಡನೆಯ ಹಾಡಿಗೂ ಹಿಡಿದಳು, ಮೂರನೆಯದಕ್ಕೂ. ಹಿಂದಿನ ಹುಡುಗರು ಸಿಳ್ಳೆ ಹಾಕಿದರೆ ತನಗೆ ಶಹಬಾಸ್ ಎಂದರು ಎಂದುಕೊಂಡಳು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಮೆಲ್ಲಗೆ ಮೊಣಕೈ ತಿವಿದೆ, ತಿಳಿಯಲಿಲ್ಲ. ಇಂಟರ್ವಲ್ಲಿನಲ್ಲಿ ರೊಟ್ಟಿಯ ಗಂಟು ಬಿಚ್ಚಿದಳು. ಅಗಸಿ ಹಿಂಡಿಯ ವಾಸನೆ ಹತ್ತು ಸಾಲು ದಾಟಿತು. “ತಗೋರಿ ಅಕ್ಕೋರ” ಎಂದು ನನ್ನ ಗೆಳತಿಯರಿಗೂ ಚಾಚಿದಳು. ಇಂಟರ್ವಲ್ ಮುಗಿದು ಮತ್ತೆ ಹಾಡು, ಮತ್ತೆ ಆಯಿ. ನನಗೆ ತಡೆಯಲಾಗಲಿಲ್ಲ.

“ಬಾಯಿ ಮುಚ್ಕೊಂಡ ಕೂಡ ಬೇ ಆಯಿ. ಮಾನಾ ಕಳ್ಯಾಕತ್ತಿ ನಂದು.”

ಆಯಿ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ, ಗಾಬರಿ ಇತ್ತು. “ಹಾಡಾವನ್ನ ಒಬ್ಬನ್ನ ಬಿಡಬಾರದವಾ” ಎಂದಳು. “ಹಿಂದ ಹಿಡ್ಯಾವ್ರಿಲ್ಲಂದ್ರ ಅಂವರ ಎಷ್ಟಂತ ಹಾಡ್ಯಾನು?”

ಆಮೇಲೆ ಸಿನಿಮಾ ಮುಗಿಯುವವರೆಗೂ ಬಾಯಿಗೆ ಸೆರಗು ಒತ್ತಿಕೊಂಡು ಕುಳಿತಳು. ಅವನು ಪ್ರತಿ ಸಲ ನಿಂತಾಗಲೂ ಅವಳ ಕೈ ತೊಡೆಯ ಮೇಲೆ ತಾಳ ಹಾಕಲು ಏಳುತ್ತಿತ್ತು, ಅಲ್ಲೇ ಇಳಿಯುತ್ತಿತ್ತು. ನನಗೆ ಸಮಾಧಾನವಾಯಿತು. ಹೌದು, ಆಗ ಸಮಾಧಾನವೇ ಆಯಿತು...

ನಾಲ್ಕು ದಿನ ಬಿಟ್ಟು, ನಾನು ಬಸ್ಸಿಳಿದು ಬರುವಾಗ ಕಟ್ಟೆಯ ಮೇಲೆ ಕಾಯುತ್ತ ಕುಳಿತಿದ್ದಳು.

“ಇನ್ನೊಮ್ಮಿ ಕರ್ಕೊಂಡ ಹೋಗವಾ. ಈ ಸಲ ಬಾಯಿ ತೆರ್ಯಾಂಗಿಲ್ಲ. ನಿನ್ನ ಆಣಿ.”

ನೋಡೋಣ ಎಂದೆ. ಪರೀಕ್ಷೆಯ ಪೇಪರ್ ಇವೆ ಎಂದೆ. ಅಷ್ಟರಲ್ಲಿ ಟಾಕೀಸಿನಲ್ಲಿ ಬೇರೆ ಸಿನಿಮಾ ಬಂತು. ಪೀಡೆ ತೊಲಗಿತು ಎಂದುಕೊಂಡೆ. ಆಯಿ ಮತ್ತೆ ಕೇಳಲಿಲ್ಲ.

ಹೋದ ವರ್ಷ ಚಳಿಗಾಲದಲ್ಲಿ ಆಯಿ ತೀರಿಕೊಂಡಳು. ಮಧ್ಯಾಹ್ನ ಅವಳನ್ನು ಪದ್ಧತಿಯಂತೆ ಅಂಗಳದಲ್ಲಿ ಕೂರಿಸಿ, ಹಣೆ ತುಂಬ ವಿಭೂತಿ ಹಚ್ಚಿದ್ದರು. ಸೋಮವಾರದ ಹೆಂಗಸರು ಸುತ್ತ ಕುಳಿತು ಭಜನೆ ಶುರು ಮಾಡಿದರು. ಮುಂದಿನವಳು ಒಂದು ಸಾಲು ಹಾಡಿ ನಿಲ್ಲಿಸಿದಳು. ಉಳಿದವರು ಎತ್ತಿಕೊಂಡರು, ಆದರೆ ಸಾಲು ಮೇಲೇಳಲಿಲ್ಲ. ನಡುವೆ ಕುಳಿತ ಆಯಿ ಬಾಯಿ ತೆರೆಯಲಿಲ್ಲ. ಕೊಟ್ಟ ಮಾತನ್ನು ಇಷ್ಟು ಕಟ್ಟುನಿಟ್ಟಾಗಿ ನಡೆಸಬೇಕೆಂದು ಅವಳಿಗೆ ಹೇಳಿದವರು ಯಾರು? ನನಗೆ ಅಲ್ಲೇ ಅಳು ಬಂತು, ಅವಳ ಮೇಲೆ ಸಿಟ್ಟೂ ಬಂತು.

ನಿನ್ನೆ ಹಿಂಡಿಯನ್ನು ಡಬ್ಬಿಗೆ ತುಂಬಿ, ಮೊಬೈಲಿನಲ್ಲಿ ಆ ಸಿನಿಮಾ ಹುಡುಕಿ ಹಚ್ಚಿದೆ. ಏನೂ ಸುಧಾರಿಸಿಲ್ಲ. ಅದೇ ಸೌಟು, ಅದೇ ಮುಖ. ಮೊದಲ ಸಾಲು ಹಾಡಿ ನನ್ನ ಕಡೆ ನೋಡುತ್ತ ನಿಂತ. ಈ ಪುಣ್ಯಾತ್ಮ ಯಾಕಾದರೂ ನಿಲ್ಲುತ್ತಾನೋ... ಎರಡು ಹಾಡಿನವರೆಗೆ ತಡೆದೆ. ಮೂರನೆಯದಕ್ಕೆ ಬಾಯಿ ತೆರೆದು ಹಿಂದೆ ಹಿಡಿದೆ. ನನ್ನ ದನಿ ನನಗೇ ಕೇಳಲಾಗದಷ್ಟು ಒಡಕಾಗಿತ್ತು.

“ಮಮ್ಮಿ, ಸುಮ್ನ ಕೂಡ. ನಾ ಓದಾಕತ್ತೇನಿ” ಎಂದು ಮಗಳು ಒಳಗಿನಿಂದ ಕೂಗಿದಳು.

ನಾನು ಸುಮ್ಮನಾಗಲಿಲ್ಲ.