ಬಯಲಿಗೆ ಹೋಗುವವರು

ಅಮಾನುಲ್ಲಾ ಬಿಸಿನೀರಿನ ಬಾಣಲೆಯಲ್ಲಿ ಬೆರಳಾಡಿಸಿ ರೇಷ್ಮೆಗೂಡಿನ ಎಳೆ ಹುಡುಕುತ್ತಿದ್ದಾಗ ಶೆಡ್ಡಿನ ಬಾಗಿಲಲ್ಲಿ ಹೊಸ ಕ್ಯಾನ್‌ವಾಸ್ ಬೂಟು ಕಂಡಿತು. ತಲೆ ಎತ್ತಿದರೆ ಚೆನ್ನರಾಯಪ್ಪ. ಎರಡು ವರ್ಷದ ಹಿಂದಿನವರೆಗೆ ಪಕ್ಕದ ಬಾಣಲೆಯಲ್ಲೇ ನೂಲು ಬಿಚ್ಚುತ್ತಿದ್ದವನು, ಈಗ ಪುರಸಭೆ ಕಚೇರಿಯಲ್ಲಿ ಜವಾನ. ಹಿಂದೆ ಒಬ್ಬ ಗುಮಾಸ್ತರು, ಕೈಯಲ್ಲಿ ಕಾಗದದ ಕಟ್ಟು.

“ಏನಪ್ಪಾ, ಬರಿಗಾಲಲ್ಲಿ ಚೆಡುಗುಡು ಆಡಿದೋನಿಗೆ ಬೂಟು?”

“ಸಾಹೇಬ್ರು ಬಂದವ್ರೆ, ಬಾಯಿ ಮುಚ್ಕೊಂಡು ಕೇಳಿದ್ದಕ್ಕೆ ಹೇಳು.”

ಅದು ೧೯೬೩ರ ಬೇಸಿಗೆ. ಶಿಡ್ಲಘಟ್ಟದ ಪೂರ್ವಕ್ಕೆ ಹೊಸ ಬಡಾವಣೆ ಎದ್ದಿತ್ತು. ರೇಷ್ಮೆ ವ್ಯಾಪಾರಿಗಳು, ವಕೀಲರು, ಕೆಂಪು ಹೆಂಚಿನ ಮನೆಗಳು. ಬಡಾವಣೆಗೂ ನೂಲಿನವರ ಓಣಿಗೂ ನಡುವೆ ಇದ್ದ ಖಾಲಿ ಜಾಗಕ್ಕೆ ಹೆಸರಿರಲಿಲ್ಲ, ಎಲ್ಲರೂ ಬಯಲು ಎನ್ನುತ್ತಿದ್ದರು. ಅಮಾನುಲ್ಲಾನ ಹದಿನೆಂಟು ವರ್ಷದ ಸಂಜೆಗಳು ಚೆಡುಗುಡು ಆಡುತ್ತ ಕಳೆದದ್ದು ಅಲ್ಲಿ. ಹಗಲೆಲ್ಲ ನೀರಲ್ಲಿ ಬೆಂದ ಬೆರಳುಗಳಿಗೆ ಒಣ ಮಣ್ಣು ತಾಗುತ್ತಿದ್ದದ್ದು ಆಗ ಮಾತ್ರ. ಈಚೆಗೆ ಬಡಾವಣೆಯವರು ಕ್ಲಬ್ಬು ಕಟ್ಟಿಕೊಂಡು, ಬಾಲ್ ಬ್ಯಾಡ್ಮಿಂಟನ್ನಿಗೆ ಆ ಜಾಗ ಬೇಕೆಂದು ಅರ್ಜಿ ಕೊಟ್ಟಿದ್ದರು.

“ಆ ಜಾಗಾನ ನೀವು ಏತಕ್ಕೆ ಉಪಯೋಗಿಸ್ತೀರಿ?” ಗುಮಾಸ್ತರು ಕೇಳಿದರು.

“ದಿನಾ ಸಾಯಂಕಾಲ ಬಯಲಿಗೆ ಹೋಗ್ತೀವಿ ಸ್ವಾಮಿ.”

“ಎಷ್ಟು ಜನ?”

“ಹದಿನೈದು, ಇಪ್ಪತ್ತು. ಭಾನುವಾರ ಇನ್ನೂ ಜಾಸ್ತಿ.”

“ಹೆಂಗಸರು?”

“ಛೆ, ಗಂಡಸ್ರೇ. ಮಕ್ಕಳು ನೋಡಕ್ಕೆ ಬರ್ತಾರೆ.”

ಗುಮಾಸ್ತರ ಪೆನ್ನು ನಿಂತಿತು. ಅವರು ಚೆನ್ನರಾಯಪ್ಪನ ಮುಖ ನೋಡಿದರು. ಚೆನ್ನರಾಯಪ್ಪ ತನ್ನ ಬೂಟು ನೋಡಿಕೊಂಡ. ಪೆನ್ನು ಮತ್ತೆ ಓಡಿತು. ಬರೆದದ್ದನ್ನು ಓದಿ ಹೇಳಿದಾಗ ‘ದಿನವೂ ಸಂಜೆ ಬಯಲಿಗೆ ಹೋಗುತ್ತೇವೆ’ ಎಂದೇ ಇತ್ತು. ಅಮಾನುಲ್ಲಾ ಕೈ ಒರೆಸಿಕೊಂಡು ಉರ್ದುವಿನಲ್ಲಿ ಸಹಿ ಹಾಕಿದ.

ಆದರೆ ಆ ನೋಟ ಅವನನ್ನು ಬಿಡಲಿಲ್ಲ. ಎಳೆ ಹುಡುಕುವಾಗಲೂ, ಊಟಕ್ಕೆ ಕೂತಾಗಲೂ ಅದೇ. “ಇಬ್ರೂ ಏನೋ ಮಾತು ನುಂಗ್ಕೊಂಡ್ರು ಕಣೇ,” ಎಂದು ಹೆಂಡತಿ ಖತೀಜಾ ಬೀಗೆ ಹೇಳುವಾಗ ಅವನಿಗೇ ಗೊತ್ತಿಲ್ಲದೆ ಮನೆಯ ಉರ್ದು ಬಿಟ್ಟು ಕನ್ನಡ ಬಂದಿತ್ತು.

ಮೂರು ವಾರಕ್ಕೆ ಕಚೇರಿಯ ಬಾಗಿಲಲ್ಲಿ ಆದೇಶ ಅಂಟಿತು. ಓಣಿಯ ನಿವಾಸಿಗಳು ಸದರಿ ಸ್ಥಳವನ್ನು ಬಹಿರ್ದೆಸೆಗೆ ಬಳಸುತ್ತಿರುವುದಾಗಿ ಒಪ್ಪಿರುವುದರಿಂದ, ಆರೋಗ್ಯದ ದೃಷ್ಟಿಯಿಂದ ಬೇಲಿ ಹಾಕಿ ಕ್ಲಬ್ಬಿಗೆ ಒಪ್ಪಿಸತಕ್ಕದ್ದು. ಅಮಾನುಲ್ಲಾ ದಾರಿಯಲ್ಲಿ ಸಿಕ್ಕ ಮೇಷ್ಟ್ರನ್ನು ಕರೆತಂದು ‘ಬಹಿರ್ದೆಸೆ’ ಎಂಬ ಪದ ತೋರಿಸಿದ.

ಮೇಷ್ಟ್ರು ಕೆಮ್ಮಿದರು. “ಚೊಂಬು ಹಿಡ್ಕೊಂಡು ಹೋಗ್ತಾರಲ್ಲ ಅಪ್ಪಾ, ಅದು.”

ಓಣಿಯಲ್ಲಿ ಆ ಕೆಲಸಕ್ಕೆ ‘ಕೆರೆ ಕಡೆ’ ಎನ್ನುತ್ತಿದ್ದರು. ಬಯಲು ಎಂದರೆ ಆಟವೇ. ಗುಮಾಸ್ತರು ಹೊರಗಿನವರು, ಅವರಿಗೆ ತಿಳಿಯದೆ ಇರಬಹುದು. ಚೆನ್ನರಾಯಪ್ಪನಿಗೆ?

ಅವನನ್ನು ಕಚೇರಿಯ ಹಿಂದಿನ ಬಾವಿಯ ಬಳಿ ಹಿಡಿದ.

“ನೀನೂ ಅಲ್ಲೇ ನಿಂತಿದ್ದೆ. ‘ಆಟ ಸ್ವಾಮಿ, ಆಟ’ ಅಂತ ಒಂದು ಮಾತು ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?”

“ನಾನು ಫೈಲು ಹೊರೋನು ಕಣೋ, ಬರೆಯೋನಲ್ಲ.”

“ಬೂಟು ಯಾರು ಕೊಡಿಸಿದ್ರು?”

ಚೆನ್ನರಾಯಪ್ಪ ಬಿಂದಿಗೆ ಇಳಿಸಿದ. “ಕ್ಲಬ್ಬಿನವ್ರು. ಬೆಳಿಗ್ಗೆ ಹೋಗಿ ಬಡಾವಣೆ ರಸ್ತೇಲಿ ಅವ್ರ ಆಟಕ್ಕೆ ಸುಣ್ಣದ ಗೆರೆ ಎಳೀತೀನಿ, ಅದಕ್ಕೆ.” ಹಗ್ಗ ಸುತ್ತುತ್ತಾ, “ಅವರು ಹಂಗೆ ತಿಳ್ಕೊಂತಾರೆ ಅಂತ ನಂಗೇನು ಗೊತ್ತಿತ್ತು?” ಎಂದ. ಹೇಳುವಾಗ ಅಮಾನುಲ್ಲಾನ ಕಡೆ ನೋಡಲಿಲ್ಲ.

ಮರುದಿನ ಅಮಾನುಲ್ಲಾ ಹನ್ನೊಂದು ಜನ ಆಟಗಾರರನ್ನು ಕಟ್ಟಿಕೊಂಡು ಕಚೇರಿಗೆ ಹೋದ. ತರಚಿದ ಮೊಣಕಾಲುಗಳನ್ನು ತೋರಿಸಿದರು. ಗುಮಾಸ್ತರು ಹೇಳಿಕೆಯ ಹಾಳೆ ತೆಗೆದು ಅವನ ಮುಂದೆ ಇಟ್ಟರು.

“ಸಹಿ ನಿಮ್ಮದೇ ತಾನೇ?”

“ನಂದೇ.”

“ಈ ಮಾತು?”

“ನಂದೇ ಸ್ವಾಮಿ. ಆದ್ರೆ ಅರ್ಥ ನಿಮ್ದು.”

ಗುಮಾಸ್ತರು ಹಾಳೆಯನ್ನು ಮಡಿಸಿ ಕಟ್ಟಿನೊಳಗೆ ಸೇರಿಸಿದರು.

ಜೂನ್ ತಿಂಗಳಲ್ಲಿ ಬಯಲಿಗೆ ಮುಳ್ಳುತಂತಿ ಬಂತು. ಓಣಿಯವರ ಅನುಕೂಲಕ್ಕೆಂದು ಬೇಲಿಯ ಹೊರಗೆ, ಅಮಾನುಲ್ಲಾನ ಮನೆಯ ಎದುರಿಗೆ, ನಾಲ್ಕು ಕಕ್ಕಸು ಕಟ್ಟಿಸಿಕೊಟ್ಟರು.