ಹೆಣ್ಣುಮಕ್ಕಳನ್ನು ಹೊಳೆಗಿಳಿಸಿದ ಚಿಕ್ಕಸಿದ್ದಮ್ಮ

ಶಿವರಾತ್ರಿ ಕಳೆದು ಚಳಿ ಶಿವಶಿವಾ ಎಂದು ಹೋಗಿದೆ. ಆದರೂ ಎಡತೊರೆಯ ಹೊಳೆಯ ಮೇಲೆ ಮಂಜು ಇನ್ನೂ ಕರಗಿಲ್ಲ. ದೋಣಿಗಂಡಿಯ ಮರಳಿನಲ್ಲಿ ಚಿಕ್ಕಸಿದ್ದಮ್ಮ ಸೆರಗು ಬಿಗಿದು, ಎರಡು ಬಿದಿರ ಗಳು ನೆಟ್ಟು, ಹಳೆಯ ಸೀರೆಯೊಂದನ್ನು ಅಡ್ಡ ಕಟ್ಟುತ್ತಿದ್ದಾಳೆ. ಭಾನುವಾರ ಈ ಸೀರೆ ಕಟ್ಟಿದಳೆಂದರೆ ಊರ ಗಂಡಸರು ಮುಖ ತೊಳೆಯುವುದಕ್ಕೂ ಮೇಲಿನ ಮೆಟ್ಟಿಲಿಗೇ ಹೋಗಬೇಕು. ಅಮಲ್ದಾರರ ಹುಕುಮೇನೂ ಅಲ್ಲ, ಚಿಕ್ಕಸಿದ್ದಮ್ಮನ ಹುಕುಮು. ದಾರಿಯಲ್ಲಿ ಅವಳ ಗಂಡ ಸಣ್ಣಬೀರಯ್ಯ ಬೀಡಿ ಹಚ್ಚಿಕೊಂಡು ಕಾವಲು ಕೂತಿದ್ದಾನೆ. ಚೊಂಬು ಹಿಡಿದು ಬಂದವರಿಗೆಲ್ಲ ಅವನದು ಒಂದೇ ಮಾತು: "ಎಂಗಸ್ರು ನೀರ್ಗಿಳ್ದವ್ರೆ ಕಣ್ರೀ, ಮ್ಯಾಲ್ಕಡೀಕ್ ಓಗಿ."

ಸೀರೆಯ ಮರೆಯಲ್ಲಿ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನ ಹುಡುಗಿಯರು ಕಚ್ಚೆ ಬಿಗಿದು ನಿಂತಿದ್ದಾರೆ. ಒಬ್ಬೊಬ್ಬಳ ಬೆನ್ನಿಗೂ ತೇಲಲು ಜೋಡಿ ಒಣ ಸೋರೆಬುರುಡೆ. ನೀರು ತಾಗಿದ್ದೇ ತಡ, ಕಿರುಚಾಟವೋ ಕಿರುಚಾಟ! ಆಚೆ ದಡದ ಕೊಕ್ಕರೆಗಳೂ ಎದ್ದು ಹೋಗುತ್ತವೆ.

ಹೊಳೆ ದಡದ ಊರಿನಲ್ಲಿ ಓದುವ ಗಂಡುಹುಡುಗರಿಗೆ ಆಟಕ್ಕೇನು ಬರ? ಶಾಲೆ ಬಿಟ್ಟರೆ ಚಿನ್ನಿದಾಂಡು, ಆಷಾಢದ ಗಾಳಿಗೆ ಪಟ, ಮರಳಿನ ಮೇಲೆ ಕುಸ್ತಿ, ಬೇಸರವಾದರೆ ಗಾಳ, ಸೆಕೆಯಾದರೆ ಈಜು. ಹುಡುಗಿಯರಿಗೋ, ಪಡಸಾಲೆಯ ಚೌಕಾಬಾರ. ಹೆಚ್ಚೆಂದರೆ ಅಂಗಳದ ಕುಂಟಾಬಿಲ್ಲೆ. ದಿನಾ ಇದೇ ಹೊಳೆಯಿಂದ ಕೊಡ ಹೊರುವವರು ಅವರೇ, ಆದರೆ ನೀರಿನ ಸುಖ ಅವರ ಮೊಣಕಾಲು ದಾಟಿ ಮೇಲೆ ಹತ್ತಿದ್ದಿಲ್ಲ. ಮೂರು ಬೇಸಿಗೆಯಿಂದ ಅದನ್ನು ಹತ್ತಿಸುತ್ತಿರುವವಳು ಈ ಅಂಬಿಗರ ಹೆಂಗಸು.

ಅವಳ ಕಸುಬು ಈಜು ಕಲಿಸುವುದಲ್ಲ, ಹರಿಗೋಲು. ಗಂಡನ ಬಲಗೈ ಸೋತ ಮೇಲೆ ಹುಟ್ಟು ಹಿಡಿದಳು. ಹೆಂಗಸು ನಡೆಸುವ ಹರಿಗೋಲು ಹತ್ತುವುದಿಲ್ಲ ಎಂದು ಮೂಗು ಮುರಿದವರೆಲ್ಲ ಸಂತೆಯ ದಿನ ಬೇರೆ ದಾರಿ ಕಾಣದೆ ಬಾಯಿ ಮುಚ್ಚಿಕೊಂಡು ಹತ್ತಿದರು. ಬೆಳಗಿನಿಂದ ಕತ್ತಲಾಗುವವರೆಗೆ ಆಚೆಗೂ ಈಚೆಗೂ ಹುಟ್ಟು ಹಾಕುತ್ತಾಳೆ. ದಾರಿಹೋಕರು ಕಾಸು ಕೊಡುತ್ತಾರೆ, ಊರವರು ಸುಗ್ಗಿಯಲ್ಲಿ ಮೊರದ ತುಂಬ ರಾಗಿ ಅಳೆಯುತ್ತಾರೆ. ಈಜು ಕಲಿಸುವುದಕ್ಕೆ ಮಾತ್ರ ಎಲೆಅಡಿಕೆಯ ಹೊರತು ಏನನ್ನೂ ಮುಟ್ಟುವುದಿಲ್ಲ.

ಯಾಕೆಂದು ಕೇಳಿದರೆ ಅವಳ ದನಿ ತಗ್ಗುತ್ತದೆ. ಒಂದು ಮಳೆಗಾಲ ಸಂತೆಯಿಂದ ತಿರುಗಿ ಬರುವಾಗ ಅವಳ ಹರಿಗೋಲು ನೀರೊಳಗಿನ ಮರದ ಬೊಡ್ಡೆಗೆ ತಾಗಿ ಮಗುಚಿತು. ಗಂಡಸರೆಲ್ಲ ಈಜಿ ದಡ ಹತ್ತಿದರು. ಹತ್ತಲಾಗದವರು ಇಬ್ಬರು ಹೆಂಗಸರು. ಒಬ್ಬಳನ್ನು ಚಿಕ್ಕಸಿದ್ದಮ್ಮ ತುರುಬು ಹಿಡಿದು ಎಳೆದು ತಂದಳು. ಇನ್ನೊಬ್ಬಳು ಅವಳ ವಾರಗಿತ್ತಿ ಸಿದ್ದಲಿಂಗಮ್ಮ, ಗಾವಡಗೆರೆ ಕಡೆಯ ಹೊಳೆ ಕಾಣದ ಬಯಲಿನಿಂದ ಬಂದ ಸೊಸೆ. ತಿರುಗಿ ಹೋಗುವಷ್ಟರಲ್ಲಿ ಅವಳು ಇರಲಿಲ್ಲ.

"ಕೈ ಇರಾದು ಎಲ್ಡೇ ಕಣವ್ವ," ಎನ್ನುತ್ತಾಳೆ. "ಒಂದ್ರಲ್ಲಿ ಈಜ್ಬೇಕು. ಇನ್ನೊಂದ್ರಲ್ಲಿ ಎಷ್ಟ್ ಜನುನ್ನ ಇಡೀಲಿ? ಗಂಡಸ್ರುನ್ನ ಬಯ್ಯಕ್ಕಾಗಾಕಿಲ್ಲ ಬುಡಿ, ಅವ್ರಿಗೆ ಅವ್ರ ಜೀವ. ಅವ್ಳ್ಗೇ ಒಸಿ ಈಜ್ ಬಂದಿದ್ರೆ ಅಂತ ವಟ್ಟೆ ಉರೀತದೆ."

ಆ ಉರಿಯಲ್ಲೇ ಅವಳು ಶಾಲೆಯ ಮೇಷ್ಟ್ರಮ್ಮನನ್ನು ಹಿಡಿದಳು. ಒಂದು ದಿನ ಅವರನ್ನು ದಾಟಿಸುವಾಗ ನಡು ಹೊಳೆಯಲ್ಲಿ ಹುಟ್ಟು ನಿಲ್ಲಿಸಿ, "ಈಗ್ ಇದು ಮಗುಚ್ಕಂಡ್ರೆ ಏನ್ ಮಾಡೀರಿ ಮೇಷ್ಟ್ರಮ್ಮಾರೇ?" ಎಂದಳಂತೆ. ಅದು ಅರ್ಜಿಯೋ ಬೆದರಿಕೆಯೋ ದೇವರೇ ಬಲ್ಲ! ಮೇಷ್ಟ್ರಮ್ಮ ಹರಿಗೋಲಿನ ಅಂಚನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದರು. ಮುಂದಿನ ಭಾನುವಾರ ನಾಲ್ಕು ಹುಡುಗಿಯರನ್ನು ಕರೆದುಕೊಂಡು ತಾವೇ ಬಂದರು.

ಚಿಕ್ಕಸಿದ್ದಮ್ಮನದು ಒಂದು ಕಟ್ಟುಪಾಡು ಇದೆ. ಬುರುಡೆಯನ್ನು ಅವಳು ಕೊಡುವುದಿಲ್ಲ. ಸೋರೆಕಾಯಿ ಹುಡುಗಿಯ ಮನೆಯ ಒಲೆಯ ಮೇಲೇ ತೂಗಿ, ಹೊಗೆ ಕುಡಿದು ಒಣಗಬೇಕು. ಹೊಗೆಗೆ ಬುರುಡೆ ಗಟ್ಟಿಯಾಗುತ್ತದೆ ಎಂಬುದು ಹೇಳುವ ಕಾರಣ. ಒಳಗಿನ ಕಾರಣ ಬೇರೆ: ತಿಂಗಳುಗಟ್ಟಲೆ ಕಣ್ಣೆದುರು ತೂಗುವುದನ್ನು ಮನೆಯ ಹಿರಿಯರು ಕಿತ್ತೆಸೆಯದೆ ಬಿಟ್ಟರೆಂದರೆ ಒಪ್ಪಿದರೆಂದೇ ಲೆಕ್ಕ. ಬಾಯಿಬಿಟ್ಟು ಹೂಂ ಎನ್ನುವ ಕಷ್ಟ ಅವರಿಗಿಲ್ಲ. "ಗಂಡುಬೀರಿ ಮಾಡ್ತಾಳೆ ಎಣ್ಮಕ್ಳ" ಎಂದು ಬೀದಿಯಲ್ಲಿ ಆಡಿಕೊಂಡ ಮನೆಗಳಲ್ಲೂ ಈಗ ಬುರುಡೆ ತೂಗುತ್ತಿವೆ.

ಬಳೆ ವ್ಯಾಪಾರಿ ನಸೀರ್ ಸಾಹೇಬರ ಮನೆಯಲ್ಲೂ ತೂಗಿತು. ಅವರ ತಾಯಿ ಬೀಬಿಜಾನ್ ದಿನಾ ಅದನ್ನು ನೋಡಿ ಶಪಿಸಿದರು, ಕಿತ್ತೆಸೆಯಲಿಲ್ಲ. ಮೊಮ್ಮಗಳು ಜೀನತುನ್ನೀಸಾ ಇವತ್ತು ಬುರುಡೆ ಬಿಚ್ಚಿ ಈಜುವ ದಿನ. ದಡದಿಂದ ಹೊರಟು ಹೊಳೆಯೊಳಗೆ ಕಟ್ಟಿ ನಿಲ್ಲಿಸಿದ ಹರಿಗೋಲಿನವರೆಗೆ ಹೋಗಬೇಕು, ಮುಟ್ಟಿ ಬರಬೇಕು. ಬೀಬಿಜಾನ್ ಚಾದರ ಹೊದ್ದು ಸೀರೆಯ ಮರೆಗೆ ಬಂದು ನಿಂತಿದ್ದಾರೆ. ಬೆನ್ನ ಹಿಂದೆ ಬೀದಿಯ ಹೆಂಗಸರ ದಂಡು.

"ನೋಡು, ನನ್ನ ಹುಡುಗಿ ಒಂದು ಗುಟುಕು ನೀರು ಕುಡಿದರೂ ನಮ್ಮ ಬೀದಿಯಿಂದ ಇನ್ನು ಒಬ್ಬಳೂ ಬರೋದಿಲ್ಲ," ಎನ್ನುತ್ತಾರೆ ಬೀಬಿಜಾನ್. ಅವರು ಹೇಳಿದರೆ ಹೇಳಿದ್ದೇ. ಚಿಕ್ಕಸಿದ್ದಮ್ಮನಿಗೂ ಅದು ಗೊತ್ತು.

ಜೀನತ್ ಹೊರಟಳು. ಅರ್ಧ ದಾರಿ ಹಂಸದ ಹಾಗೆ ಹೋದಳು. ಆಮೇಲೆ ಮಾತಾಡಲು ಬಾಯಿ ತೆರೆದಳೋ ಏನೋ, ನೀರು ನುಗ್ಗಿತು. ಕೆಮ್ಮು ಹತ್ತಿತು, ಕೈ ನಿಂತಿತು, ತಲೆ ಒಂದು ಸಲ ಮುಳುಗಿ ಎದ್ದಿತು.

"ಯಾ ಅಲ್ಲಾ! ಹಿಡಿಯೇ ಅವಳನ್ನ, ಹಿಡಿಯೇ!" ಬೀಬಿಜಾನ್ ಚಾದರದ ಸಮೇತ ನೀರಿಗಿಳಿದುಬಿಟ್ಟರು.

ಹುಡುಗಿಯ ಪಕ್ಕದಲ್ಲೇ ತೇಲುತ್ತಿದ್ದಾಳೆ ಚಿಕ್ಕಸಿದ್ದಮ್ಮ. ನೀರಿನೊಳಗೆ ಅವಳ ಅಂಗೈ ಹುಡುಗಿಯ ಹೊಟ್ಟೆಯ ಕೆಳಗೇ ಇದೆ, ಎರಡು ಬೆರಳಿನಷ್ಟು ದೂರ. ದಡದಲ್ಲಿದ್ದ ಯಾರಿಗೂ ಅದು ಕಾಣುವುದಿಲ್ಲ. ಎತ್ತಿಬಿಟ್ಟರೆ ಈ ಹೊತ್ತು ಎಲ್ಲರ ಜೀವಕ್ಕೂ ಸಮಾಧಾನ. ಆದರೆ ಹುಡುಗಿ ಹೆದರಿಕೆಯನ್ನೇ ಕಲಿತು ಮನೆಗೆ ಹೋಗುತ್ತಾಳೆ. ಚಿಕ್ಕಸಿದ್ದಮ್ಮ ಕೂಗುತ್ತಾಳೆ: "ಉಗಿಯೇ ನೀರ! ಮೊಕ ಮ್ಯಾಕೆತ್ತು! ಕಾಲ್ ಒಡಿ ಅಂದ್ರೆ, ಒಡೀ!"

ಜೀನತ್ ಉಗಿದಳು. ಕಾಲು ಬಡಿದಳು. ಅಂಗೈ ಅವಳನ್ನು ಮುಟ್ಟಲೇ ಇಲ್ಲ. ಹರಿಗೋಲಿನ ಅಂಚು ಹಿಡಿದು ಉಸಿರು ತಿರುಗಿಸಿಕೊಂಡಳು, ಆಮೇಲೆ ಯಾರನ್ನೂ ಕೇಳದೆ ದಡದ ಕಡೆಗೆ ಈಜಿದಳು.

ಬೀಬಿಜಾನ್ ಮೊಮ್ಮಗಳ ಬೆನ್ನಿಗೆ ಒಂದು ಗುದ್ದು ಗುದ್ದಿದರು, ಆಮೇಲೆ ತಬ್ಬಿಕೊಂಡು ಅತ್ತರು. ಅಳು ನಿಂತ ಮೇಲೆ ಚಿಕ್ಕಸಿದ್ದಮ್ಮನ ಸರದಿ. "ಕಲ್ಲು ಕಣೇ ನಿನ್ನೆದೆ. ಯಾಕೆ ಹಿಡೀಲಿಲ್ಲ?"

"ಇವತ್ತು ನಾನ್ ಇಡ್ದಿದ್ರೆ, ನಾನಿಲ್ದಿದ್ ದಿನ ಯಾರ್ ಇಡೀತಿದ್ರು ಬೂಬಮ್ಮಾರೇ?"

ಬೀಬಿಜಾನ್ ಚಾದರ ಹಿಂಡಿ ಹೆಗಲ ಮೇಲೆ ಹಾಕಿಕೊಂಡರು. "ಚಿಕ್ಕವಳೊಬ್ಬಳಿದ್ದಾಳೆ ಮನೇಲಿ, ತಾಜುನ್ನೀಸಾ," ಎಂದರು ಕೊನೆಗೆ, ಬೇರೆಲ್ಲೋ ನೋಡುತ್ತಾ. "ಅವಳಿಗೆ ಎಷ್ಟು ದೊಡ್ಡ ಸೋರೆಕಾಯಿ ಬೇಕು?"

ಚಿಕ್ಕಸಿದ್ದಮ್ಮ ಎರಡೂ ಕೈಯಲ್ಲಿ ಅಳತೆ ತೋರಿಸಿದಳು.

ಬಿಸಿಲೇರಿದೆ. ಮಿರ್ಲೆ ಕಡೆಯ ದಾರಿಹೋಕರು ಆಚೆ ದಡದಿಂದ ಕೂಗು ಹಾಕುತ್ತಿದ್ದಾರೆ. ಒದ್ದೆ ಸೀರೆಯಲ್ಲೇ ಹುಟ್ಟು ಎತ್ತಿಕೊಂಡ ಚಿಕ್ಕಸಿದ್ದಮ್ಮನನ್ನು ಮೇಷ್ಟ್ರಮ್ಮ ತಡೆದು, ಶಾಲೆಯ ವತಿಯಿಂದ ಏನಾದರೂ ಮಾಡಿಸಬೇಕೆಂದಿದ್ದೇವೆ, ನಿನಗೇನು ಆಸೆ ಹೇಳು ಎಂದರು. ಚಿಕ್ಕಸಿದ್ದಮ್ಮ ನಕ್ಕಳು.

"ಆಸೆ ಒಂದೈತೆ, ಅದ್ನ ನೀವ್ ಮಾಡ್ಸಕ್ಕಾಗಾಕಿಲ್ಲ. ಎಂದಾರ ಒಂದಿನ ಈ ಅರಿಗೋಲು ಇನ್ನೊಂದ್ ಕಿತ ಮಗುಚ್ಕಂಡ್ರೆ, ಎಲ್ರುಗಿಂತ ಕಡೇಲಿ ದಡ ಅತ್ತೋಳು ನಾನಾಗ್ಬೇಕು. ಅಷ್ಟೊತ್ಗೆ ಈ ಎಣ್ಮಕ್ಳೆಲ್ಲ ಸೀರೆ ಇಂಡ್ಕಂಡು ಕೂತ್ಕಂಡು, 'ಯಾಕ್ ಸಿದ್ದಕ್ಕ, ಇಷ್ಟೊತ್ತಾ ಬರಾದು?' ಅಂತ ನನ್ನೇ ಬಯ್ತಿರ್ಬೇಕು."